ನಮಗಿಂತ ಮುಂಚೆ ಹೊರಟ ಚೀಲ

ನನ್ನ ಸೋದರಮಾವ ಮೈಸೂರಿನಲ್ಲಿ ಕೆಲವು ವರ್ಷ, ಶಿಕಾಗೋದಲ್ಲಿ ಬಹಳ ವರ್ಷ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಪಾಠ ಮಾಡಿದವರು. ಚಲನೆಯ ಮೂರು ನಿಯಮಗಳನ್ನು ಅವರು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಒರೆಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಆದರೆ ನಿವೃತ್ತರಾದ ಮೇಲೆ ಅವರು ನಂಬಿದ್ದು ನಾಲ್ಕನೆಯದೊಂದು ನಿಯಮವನ್ನು ಮಾತ್ರ: ಮನುಷ್ಯ ಹೊರಡುವುದಕ್ಕೆ ಮುಂಚೆ ಅವನ ಚೀಲ ಹೊರಟಿರಬೇಕು! ನೀವು ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಚೀಲ ನಿಮ್ಮ ಮನೆಯಲ್ಲೇ ಇದೆಯಲ್ಲ, ನಿಮಗೇನು! ನಮ್ಮದು ನಮ್ಮನ್ನು ಬಿಟ್ಟು ಒಂದು ಇಡೀ ಚಳಿಗಾಲ ತಾನೊಂದೇ ದೇಶಸಂಚಾರ ಮಾಡಿತು.

ಅದು ರಿಸೆಷನ್ ಕಾಲ. ನಾನು, ಹೆಂಡತಿ, ಒಂದನೇ ಕ್ಲಾಸಿನ ಮಗಳು ಶಿಕಾಗೋ ಪಕ್ಕದ ಲೊಂಬಾರ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ವಾರಕ್ಕೊಂದು ಕಾರು ಕಡಿಮೆಯಾಗುತ್ತಿತ್ತು. ಅಂದರೆ ಇನ್ನೊಂದು ಮನೆ ಖಾಲಿ. ಸಂಜೆ ವಾಕಿಂಗಿನಲ್ಲಿ ಸಿಕ್ಕವರು "ಊಟ ಆಯ್ತಾ?" ಎನ್ನುವ ಬದಲು "ಇನ್ನೂ ಇದೆಯಾ?" ಎಂದು ಕೇಳುತ್ತಿದ್ದರು. ಕೆಲಸದ ಮಾತು! ನನ್ನದು ಆಗಲೇ ಹೋಗಿತ್ತು. ಮೀಟಿಂಗಿಗೆ ಕರೆದು, ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ಬಹಳ ಮರ್ಯಾದೆಯಿಂದ ಲಿಫ್ಟಿನವರೆಗೂ ಬಂದು ಕಳಿಸಿಕೊಟ್ಟಿದ್ದರು. ಹೆಂಡತಿಯದು ಕಾರಿನ ಎಂಜಿನ್ನಿಗೆ ಬುದ್ಧಿ ಹೇಳುವ ಸಾಫ್ಟ್‌ವೇರ್ ಕೆಲಸ. ಕಾರು ಕೊಳ್ಳುವವರೇ ಇಲ್ಲದಾಗ ಬುದ್ಧಿ ಹೇಳುವುದು ಯಾರಿಗೆ? ಅವಳ ಇಲಾಖೆಗೂ ಬೀಗ ಬೀಳುವುದರಲ್ಲಿತ್ತು. ಅಷ್ಟರಲ್ಲಿ ಕಂಪೆನಿಯ ಮೂಲ ಕಛೇರಿಯಿಂದ, ಅಂದರೆ ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಅವಳಿಗೆ ಕರೆ ಬಂತು. ನೀವು ನಮಗೆ ಬೇಕು, ಇಲ್ಲಿಗೆ ಬರುತ್ತೀರಾ?

ಬರುತ್ತೀರಾ ಅಂತೆ! ಬರದೆ ಇನ್ನೇನು? ಈ ಕೆಲಸವೂ ಕೈತಪ್ಪಿದರೆ ವೀಸಾದ ಗಡುವು ಮುಗಿದು, ಗಂಟುಮೂಟೆ ಕಟ್ಟಿಕೊಂಡು, ಇಬ್ಬರು ನಿರುದ್ಯೋಗಿಗಳು ಒಂದು ಮಗುವಿನ ಜೊತೆ ಬೆಂಗಳೂರಿನ ವಿಮಾನ ಹತ್ತಬೇಕಿತ್ತು. ಅಲ್ಲಿ ಮಾತ್ರ ನಮಗಾಗಿ ಯಾರು ಕುರ್ಚಿ ಒರೆಸಿಟ್ಟುಕೊಂಡು ಕಾಯುತ್ತಿದ್ದರು? ಸ್ಟುಟ್‌ಗಾರ್ಟು ನಮಗೆ ಉಳಿದಿದ್ದ ಒಂದೇ ಬಾಗಿಲು.

ಶಿಕಾಗೋದ ಇನ್ನೊಂದು ಬದಿಗೆ, ಸ್ಕೋಕಿಯಲ್ಲಿದ್ದ ಮಾವನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಸ್ವಲ್ಪ ಸಂಕೋಚದಿಂದಲೇ, "ಅವಳ ಕೆಲಸದ ಹಿಂದೆ ಹೋಗ್ತಾ ಇದೀನಿ ಮಾವ," ಎಂದೆ.

"ಅದ್ರಲ್ಲಿ ನಾಚ್ಕೊಳೋದೇನೋ? ನಿಮ್ಮತ್ತೆ ಡಾಕ್ಟರು ಅಂತ ಅಮೆರಿಕದೋರು ಕರುದ್ರು. ನನ್ನನ್ನ ಯಾರು ಕರುದ್ರು? ಅವಳ ಸೆರಗು ಹಿಡ್ಕೊಂಡೇ ತಾನೇ ನಾನು ಬಂದಿದ್ದು? ಹೆಂಡ್ತಿ ಮುಂದೆ ನಡುದ್ರೆ ಗಂಡಂಗೆ ದಾರಿ ಸವೆದಿರತ್ತೆ ಕಣೋ, ಸಲೀಸು!"

ಅತ್ತೆ ಅರಿವಳಿಕೆ ವೈದ್ಯರಾಗಿದ್ದರು. ನಾವು ಅಮೆರಿಕಕ್ಕೆ ಬರುವ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅಲ್ಲಿಂದೀಚೆಗೆ ಮಾವ ವಿಮಾನ ಹತ್ತಿದವರಲ್ಲ. ಮೈಸೂರಿನಿಂದ ಮದುವೆಯ ಕರೆ ಬಂದರೆ ಮಂಡಿನೋವು, ಕ್ಯಾಲಿಫೋರ್ನಿಯಾದಿಂದ ಬಂದರೆ ಬೆನ್ನುನೋವು. "ಪ್ಯಾಕಿಂಗ್ ಎಲ್ಲಾ ಅವಳೇ ಮಾಡ್ತಿದ್ಲು, ನಂಗೆ ಬರಲ್ಲ," ಎಂದುಬಿಡುತ್ತಿದ್ದರು. ಅವರ ಪಾಲಿಗೆ ಪ್ರಪಂಚದ ತುದಿ ಎಂದರೆ ಲೆಮಾಂಟಿನ ದೇವಸ್ಥಾನ. ಆದರೆ ಬೇರೆಯವರ ಪ್ರಯಾಣ ಎಂದರೆ ಅವರಿಗೆ ಎಲ್ಲಿಲ್ಲದ ಹುರುಪು! ಯಾರು ಎಲ್ಲಿಗೆ ಹೊರಟರೂ ಪಂಚಾಂಗ ಹಿಡಿದು ನಿಲ್ಲುತ್ತಿದ್ದರು. ಅವರ ಕಾರಿನ ಕೀಗೊಂಚಲಿನಲ್ಲಿ ಒಂದು ಪುಟ್ಟ ದಿಕ್ಸೂಚಿ ನೇತಾಡುತ್ತಿತ್ತು. ಭೌತಶಾಸ್ತ್ರದ ಮೇಷ್ಟ್ರಲ್ಲವೇ, ಶಾಸ್ತ್ರ ಯಾವುದಾದರೇನು, ಉಪಕರಣ ಸರಿಯಾಗಿರಬೇಕು!

ಮಾರನೇ ದಿನವೇ ಲೊಂಬಾರ್ಡಿಗೆ ಬಂದಿಳಿದರು. ನಮ್ಮ ಟಿಕೆಟ್ಟಿನ ದಿನ ಮಂಗಳವಾರವೆಂದು ತಿಳಿದದ್ದೇ ತಡ, ಕಾಫಿ ಲೋಟ ಕೆಳಗಿಟ್ಟರು.

"ಮಂಗಳವಾರ? ಪ್ರಸ್ಥಾನ ಇಡ್ಲೇಬೇಕು."

ಪ್ರಸ್ಥಾನ ಎಂದರೆ ಇಷ್ಟು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಬರುವ ಒಳ್ಳೆಯ ದಿನ ನೋಡಿ, ಪ್ರಯಾಣಿಕನ ಒಂದು ಚೀಲವನ್ನು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ನೀವು ಯಾವ ಕೆಟ್ಟ ದಿನ ಬೇಕಾದರೂ ಹೋಗಿ ವಿಮಾನ ಹತ್ತಿ. ಗ್ರಹಗಳ ಲೆಕ್ಕದಲ್ಲಿ ನೀವು ಆವತ್ತೇ ಹೊರಟಾಗಿದೆ. ನಮ್ಮ ಹಿರಿಯರು ದೇವರಿಗೇ ಮಂಕುಬೂದಿ ಎರಚುವ ಉಪಾಯ ಕಂಡುಹಿಡಿದಿದ್ದರು ನೋಡಿ! ಆದರೆ ಷರತ್ತು ಎರಡು. ಚೀಲಕ್ಕೆ ಇಷ್ಟು ದಿನ ಎಂದು ಗಡುವಿದೆ, ಅಷ್ಟರೊಳಗೆ ಹೊರಡದಿದ್ದರೆ ಚೀಲವನ್ನು ಇನ್ನಷ್ಟು ಮುಂದಕ್ಕೆ ಸರಿಸಬೇಕು. ಇನ್ನೊಂದು, ಏನೇ ಆದರೂ ಚೀಲವನ್ನು ಹಿಂದಕ್ಕೆ ತರಬಾರದು. ತಂದರೆ ಪ್ರಯಾಣ ರದ್ದು.

ಚೀಲದಲ್ಲಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಬಿದ್ದವು. ಹೆಂಡತಿಯ ಒಂದು ಸೀರೆ, ನನ್ನದೊಂದು ಶರ್ಟು, ಮಗಳದೊಂದು ಟೋಪಿ ಬಿದ್ದವು. ಮಾವನಿಗೆ ತೃಪ್ತಿಯಾಗಲಿಲ್ಲ. "ಯಾವ್ದನ್ನ ಬಿಟ್ಟು ಹೋಗೋಕೇ ಆಗಲ್ವೋ ಅಂಥದ್ದು ಇಡ್ಬೇಕಮ್ಮ. ಈ ಶರ್ಟಿಲ್ದೆ ಇವನು ಜರ್ಮನಿಗೆ ಹೋಗಲ್ವಾ?" ಎಂದು ಹೆಂಡತಿಯನ್ನು ಕೇಳಿದರು. ಅವಳಿಗೆ ಆವತ್ತು ಏನು ಭಕ್ತಿ ಉಕ್ಕಿತೋ ಏನೋ, ತನ್ನ ಎಂಜಿನಿಯರಿಂಗ್ ಡಿಗ್ರಿಯ ಮೂಲ ಸರ್ಟಿಫಿಕೇಟನ್ನೇ ತಂದು ಸೀರೆಯ ಮಡಿಕೆಯೊಳಗೆ ಇಟ್ಟಳು. ಮಾವ "ಭೇಷ್!" ಎಂದರು.

ದಿಕ್ಸೂಚಿಯ ಮುಳ್ಳು ನೋಡಿಕೊಂಡು ಕಾರಿಡಾರಿನಲ್ಲಿ ನಡೆದರೆ ಪೂರ್ವಕ್ಕೆ ಸಿಕ್ಕಿದ್ದು ಎದುರುಮನೆಯ ಪೋಲಿಷ್ ಅಜ್ಜಿ. ಬಾಗಿಲು ತೆರೆದ ಆಕೆಗೆ ಕಂಡದ್ದು ಹಣೆಗೆ ಕುಂಕುಮವಿಟ್ಟ ಒಬ್ಬ ಮುದುಕ, ಕೈಯಲ್ಲಿ ಅರಿಶಿನ ಮೆತ್ತಿದ ಒಂದು ಚೀಲ. ಆಕೆ ಒಂದು ಹೆಜ್ಜೆ ಹಿಂದೆ ಸರಿದು, ಇದರಲ್ಲಿ ಏನಿದೆ ಎಂದು ಕೇಳಿದಳು.

"ನಥಿಂಗ್ ಮೇಡಂ. ಓನ್ಲಿ ರೈಸ್, ಸಾರಿ ಅಂಡ್ ಜರ್ನಿ," ಎಂದರು ಮಾವ. "ಪ್ಲೀಸ್ ಡೋಂಟ್ ಷೇಕ್."

ಆಕೆಗೆ ಏನು ಅರ್ಥವಾಯಿತೋ! ಎರಡು ದಿನ ಬಿಟ್ಟು ನಾನು ನೋಡಲು ಹೋದರೆ ಚೀಲ ಕಿಟಕಿಯ ಬಳಿ ಒಳ್ಳೆ ಬಿಸಿಲಿನಲ್ಲಿ, ಕಸೂತಿ ಬಟ್ಟೆಯ ಮೇಲೆ ವಿರಾಜಮಾನವಾಗಿತ್ತು. ಪಕ್ಕದಲ್ಲಿ ಒಂದು ಮೇರಿಮಾತೆಯ ಗೊಂಬೆ, ಒಂದು ಲೋಟ ನೀರು. ಅಲುಗಾಡಿಸಬಾರದು ಎಂದ ಮೇಲೆ ಒಳಗೇನೋ ಜೀವ ಇರಬೇಕು ಎಂದುಕೊಂಡಿದ್ದಳು ಆ ಪುಣ್ಯಾತ್ಗಿತ್ತಿ.

ನನಗೆ ಇದೆಲ್ಲ ಅತಿಯಾಯಿತು ಅನ್ನಿಸಿ, ಭಾನುವಾರ ಲೆಮಾಂಟಿಗೆ ಹೋದಾಗ ಮಾವನ ಎದುರೇ ಅರ್ಚಕರನ್ನು ಕೇಳಿದೆ. ಪಾಪ, ವಯಸ್ಸಿನ್ನೂ ಚಿಕ್ಕದು. "ಈ ಕಾಲದಲ್ಲಿ ಅದೆಲ್ಲ ಏನೂ ಬೇಡ ಸರ್. ಒಂದು ಅರ್ಚನೆ ಮಾಡ್ಸಿ, ದೇವರ ಮೇಲೆ ಭಾರ ಹಾಕಿ ಹೊರಡಿ," ಎಂದರು. ಮಾವ ಹೊರಗೆ ಬಂದು ಶೂ ಹಾಕಿಕೊಳ್ಳುತ್ತಾ ತಲೆ ಕೊಡವಿದರು. "ದೇವರ ಮೇಲೆ ಭಾರ ಹಾಕ್ಬೇಕಂತೆ! ಇವರಿಗೆಲ್ಲ ನಂಬಿಕೇನೇ ಇಲ್ಲ ಕಣೋ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಅಂಥ ಕೆಲಸವನ್ನು ಅಷ್ಟರಲ್ಲಿ ನಾವೂ ಮಾಡಿ ಮುಗಿಸಿದ್ದೆವು. ಅಪಾರ್ಟ್‌ಮೆಂಟಿನ ಲೀಸು ಬಿಟ್ಟುಕೊಟ್ಟು, ಸೋಫಾ, ಮಂಚ, ಕಾರು ಎಲ್ಲ ಮಾರಿದ್ದೆವು. ಹೊರಡುವ ಹಿಂದಿನ ವಾರ ಸ್ಟುಟ್‌ಗಾರ್ಟಿನಿಂದ ಈಮೇಲು: ಪರಿಸ್ಥಿತಿ ತಮಗೆ ತಿಳಿದೇ ಇದೆ, ಸೇರುವ ತಾರೀಖನ್ನು ಸ್ವಲ್ಪ ಮುಂದೂಡಿದ್ದೇವೆ, ಅಲ್ಲಿಯವರೆಗೆ ತಮ್ಮ ಹೆಸರು ಅಮೆರಿಕದ ನೌಕರರ ಪಟ್ಟಿಯಲ್ಲೇ ಇರುತ್ತದೆ, ಹೊಸ ತಾರೀಖನ್ನು ಸದ್ಯದಲ್ಲೇ ತಿಳಿಸುತ್ತೇವೆ. ಹೆಂಡತಿ ಅದನ್ನು ಮತ್ತೆ ಮತ್ತೆ ಓದಿದಳು. ಎಷ್ಟು ಓದಿದರೂ ಅದರಲ್ಲಿ ತಾರೀಖಿರಲಿಲ್ಲ. ಖಾಲಿ ಹಾಲಿನಲ್ಲಿ ನೆಲದ ಮೇಲೆ ಕೂತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮಾವ ಬಂದು ನಮ್ಮನ್ನು ಕರೆದುಕೊಂಡು ಹೋದರು. ಹೋಗುವ ಮುಂಚೆ ಎದುರುಮನೆಯ ಬಾಗಿಲು ತಟ್ಟಿ ಚೀಲವನ್ನು ಬಿಡಿಸಿಕೊಂಡರು. ಅಜ್ಜಿ ಅದನ್ನೊಮ್ಮೆ ಸವರಿ, ಹುಷಾರು ಎಂದು ಹೇಳಿ ಬೀಳ್ಕೊಟ್ಟಳು. ಕಾರಿನಲ್ಲಿ ಮಾವ ದಿಕ್ಸೂಚಿ ನೋಡಿ, "ಲೊಂಬಾರ್ಡಿಂದ ಸ್ಕೋಕಿ ಈಶಾನ್ಯ! ಪೂರ್ವಕ್ಕಿಂತ ಒಂದು ಕೈ ಮೇಲು," ಎಂದು ಖುಷಿಪಟ್ಟರು. ಹಿಂದಿನ ಸೀಟಿನಿಂದ ಮಗಳು, "ಅಜ್ಜ, ವೈ ಡಸ್ ದ ಬ್ಯಾಗ್ ಗೆಟ್ ದ ಫ್ರಂಟ್ ಸೀಟ್?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನಾವು ಮೂವರೂ ಹಿಂದೆ ಒತ್ತಿಕೊಂಡು ಕೂತಿದ್ದೆವು. ಮುಂದಿನ ಸೀಟಿನಲ್ಲಿ ಚೀಲ ಬೆಲ್ಟು ಹಾಕಿಕೊಂಡು ಕೂತಿತ್ತು!

ಸ್ಕೋಕಿಯಲ್ಲಿ ಹೊಸ ಸಮಸ್ಯೆ ಎದ್ದಿತು. ಪ್ರಸ್ಥಾನದ ಚೀಲ ಪ್ರಯಾಣಿಕರಿರುವ ಮನೆಯಲ್ಲೇ ಇರುವಂತಿಲ್ಲ. ಮಾವ ಹೊರಗೆ ಹೋಗಿ ತಮ್ಮ ಮನೆಯನ್ನು ಒಂದು ಸುತ್ತು ಹಾಕಿ ಬಂದರು. ಮನೆಯ ಹಿಂದೆ, ಪೂರ್ವಕ್ಕೆ, ಗ್ಯಾರೇಜು ಬೇರೆಯಾಗಿಯೇ ನಿಂತಿತ್ತು. "ಛಾವಣಿ ಬೇರೆ, ಬಾಗಿಲು ಬೇರೆ, ಬೀಗ ಬೇರೆ. ಆದ್ದರಿಂದ ಅದು ಬೇರೆ ಮನೆ," ಎಂದು ಪಾಠ ಮುಗಿಸುವ ದನಿಯಲ್ಲಿ ಹೇಳಿದರು. ಆ ಗ್ಯಾರೇಜು ಒಂದೇ ಕಾರಿಗೆ ಆಗುವಷ್ಟು ಚಿಕ್ಕದು, ಸುತ್ತಲೂ ಹಳೇ ಸಾಮಾನು. ಕಾರಿದ್ದರೆ ಚೀಲ ಇಡುವ ಮಣೆಗೆ ಜಾಗವಿಲ್ಲ, ಮೇಲೆ ಹೊಗೆ ಬೇರೆ. ಸರಿ, ಕಾರು ಬೀದಿಗೆ ಬಂತು. ಆ ಚಳಿಗಾಲವೆಲ್ಲ ಬೆಳಗಾದರೆ ನನ್ನ ಮಾವ ಮಂಕಿಕ್ಯಾಪು ಹಾಕಿಕೊಂಡು ಕಾರಿನ ಮೇಲಿನ ಹಿಮ ಕೆರೆಯುವುದು, ಒಳಗೆ ಚೀಲ ಮಣೆಯ ಮೇಲೆ ಬೆಚ್ಚಗೆ ಕೂತಿರುವುದು! ಗಡುವು ಬಂದಾಗಲೆಲ್ಲ ಮಣೆಯನ್ನು ಪೂರ್ವದ ಗೋಡೆಯ ಕಡೆ ಒಂದು ಗೇಣು ಸರಿಸುತ್ತಿದ್ದರು. ನಿಯಮ ಎಂದರೆ ನಿಯಮ.

ಮಾವನ ಮನೆಯೊಳಗೆ ಹೀಟರಿನ ಮುಳ್ಳು ಎಷ್ಟೋ ವರ್ಷದಿಂದ ಫ್ಯಾರನ್‌ಹೀಟಿನ ಅರವತ್ತು ಡಿಗ್ರಿ ದಾಟಿರಲಿಲ್ಲ. ಒಬ್ಬನಿಗಾಗಿ ಇಡೀ ಮನೆ ಕಾಯಿಸುವುದೇಕೆ ಎಂದು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದರಂತೆ. ನಾವು ಹೋದ ದಿನ ಅದು ಎಪ್ಪತ್ತೆರಡಕ್ಕೆ ಏರಿತು. ಮಗಳನ್ನು ಸ್ಕೂಲಿಗೆ ಸೇರಿಸಿದರು. ಬೆಳಗ್ಗೆ ಅವಳಿಗೆ ದೋಸೆ ಹುಯ್ಯುವುದನ್ನು ಕಲಿತರು. ಮೊದಮೊದಲು ಆಫ್ರಿಕಾ ಭೂಪಟದ ಹಾಗೆ ಬರುತ್ತಿದ್ದದ್ದು ಕ್ರಮೇಣ ದೋಸೆಯ ಹಾಗೇ ಬರತೊಡಗಿತು. ಅವಳು "ಅಜ್ಜ, ಒನ್ ಮೋರ್," ಎಂದರೆ ಅವರ ಮುಖ ನೋಡಬೇಕಿತ್ತು! ಸಂಜೆ ಹೆಂಡತಿಗೂ ಅವರಿಗೂ ವಾದ, ನನಗೂ ಅವರಿಗೂ ಇಸ್ಪೀಟು. ತಾರೀಖು ಇನ್ನೂ ಬಂದಿರಲಿಲ್ಲ, ತಿಂಗಳಿಗೊಂದು ಈಮೇಲು ಮಾತ್ರ ಬರುತ್ತಿತ್ತು, ಅದರಲ್ಲಿ ಕ್ಷಮೆ ಮಾತ್ರ ಇರುತ್ತಿತ್ತು. ಭಯ ಇದ್ದೇ ಇತ್ತು. ಆದರೂ ಹೇಳುತ್ತೇನೆ, ಆ ಚಳಿಗಾಲ ನಾವು ಸುಖವಾಗಿದ್ದೆವು.

ಒಂದು ಸಂಜೆ ಹೆಂಡತಿ ಬೇಸತ್ತು, "ಬಿಡಿ ಮಾವ, ಇದು ಆಗೋ ಹಾಗೆ ಕಾಣಲ್ಲ. ಆ ಚೀಲ ಒಳಗೆ ತಂದ್ಬಿಡೋಣ. ನೀವು ಕಾರಾದ್ರೂ ಒಳಗಿಡ್ಬಹುದು," ಎಂದಳು. ಮಾವ ಕೈಯಲ್ಲಿದ್ದ ಇಸ್ಪೀಟೆಲೆಗಳನ್ನು ಹಾಗೇ ಮಗುಚಿಟ್ಟರು. ಅವರು ಅವಳ ಮೇಲೆ ರೇಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೊರಟಿರೋರನ್ನ ವಾಪಸ್ ಕರೀಬಾರ್ದು ಕಣಮ್ಮ. ನೀವು ಹೊರಟಾಗಿದೆ. ತಡ ಆಗ್ತಿದೆ, ಅಷ್ಟೇ."

ನಾವು ಹೋಗದೆ ಉಳಿದರೆ ಅವರಿಗೆ ನಷ್ಟವೇನಿತ್ತು? ಏನೂ ಇರಲಿಲ್ಲ. ನಾವಿದ್ದಷ್ಟು ದಿನ ಅವರ ಮನೆ ಎಪ್ಪತ್ತೆರಡರಲ್ಲಿ ಇರುತ್ತಿತ್ತು. ಆದರೂ ಮಾರನೇ ದಿನ ಬೆಳಗ್ಗೆ ಎದ್ದು, ಹಿಮದಲ್ಲಿ ಗ್ಯಾರೇಜಿಗೆ ನಡೆದು ಹೋಗಿ, ಮಣೆಯನ್ನು ಇನ್ನೊಂದು ಗೇಣು ಜರ್ಮನಿಯ ಕಡೆ ಸರಿಸಿ ಬಂದರು.

ಹಿಮ ಕರಗುವ ಹೊತ್ತಿಗೆ ಈಮೇಲಿನಲ್ಲಿ ಕ್ಷಮೆಯ ಬದಲು ತಾರೀಖು ಬಂತು! ಶುಕ್ರವಾರ ಬೆಳಗ್ಗೆ ಶಿಕಾಗೋ ಡೌನ್‌ಟೌನಿನಲ್ಲಿ ವೀಸಾ ಸಂದರ್ಶನ, ಮೂಲ ದಾಖಲೆಗಳನ್ನು ತರುವುದು. ಆಮೇಲೆ ಮುಂದಿನ ವಾರ ಡೆಟ್ರಾಯಿಟ್ ಹತ್ತಿರವಿರುವ ಕಂಪೆನಿಯ ಕಛೇರಿಯಲ್ಲಿ ಕಾಂಟ್ರ್ಯಾಕ್ಟಿಗೆ ಸಹಿ. ಹೆಂಡತಿ ಕುಣಿದಾಡಿದಳು, ಆಮೇಲೆ ಇದ್ದಕ್ಕಿದ್ದಂತೆ ಕೂತಳು. ಡಿಗ್ರಿ ಸರ್ಟಿಫಿಕೇಟು ಚೀಲದಲ್ಲಿತ್ತು!

"ತೆಗೆದ್ಬಿಡೋಣ," ಎಂದೆ.

"ಪ್ರಸ್ಥಾನದ ಚೀಲ ಬಿಚ್ಚಬಾರ್ದು," ಎಂದರು ಮಾವ. ನಾವು ಬಾಯಿ ತೆರೆಯುವಷ್ಟರಲ್ಲಿ ಕೀಗೊಂಚಲು ತೆಗೆದು ನೋಡಿದರು. ಮುಖ ಅರಳಿತು. "ಇಲ್ಲಿಂದ ಡೌನ್‌ಟೌನು ಆಗ್ನೇಯ. ಪೂರ್ವ ಇದ್ದೇ ಇದೆ ಅದ್ರಲ್ಲಿ. ಚೀಲಾನೇ ಕರ್ಕೊಂಡು ಹೋಗೋಣ. ಹೋದ ಕಡೆ ಬಿಚ್ಚುದ್ರೆ ಅದು ಪ್ರಯಾಣದಲ್ಲಿ ಬಿಚ್ಚಿದ್ದು, ದೋಷ ಇಲ್ಲ."

"ಆಮೇಲೆ ವಾಪಸ್ ಮನೆಗೆ ತರ್ಬೇಕಲ್ಲ ಮಾವ?"

"ವಾಪಸ್? ಯಾಕೆ ವಾಪಸ್? ಹಾಗೇ ಮುಂದೆ ಡೆಟ್ರಾಯಿಟ್!"

ಹೀಗೆ ನಮ್ಮ ಸಂಸಾರ ಡೆಟ್ರಾಯಿಟಿಗೆ ಒಂದು ವಾರ ಮುಂಚೆಯೇ, ಚೀಲಕ್ಕೆ ವಾಪಸ್ ಬರಲು ಅನುಮತಿ ಇಲ್ಲವೆಂಬ ಒಂದೇ ಕಾರಣಕ್ಕೆ ಹೊರಟಿತು. ಸ್ಕೂಲಿನಲ್ಲಿ ಮಗಳ ಹೆಸರು ತೆಗೆಸಿದ್ದಾಯಿತು, ಇದ್ದ ಸೂಟ್‌ಕೇಸುಗಳನ್ನೆಲ್ಲ ಮಾವನ ಮುದಿ ಕಾರಿಗೆ ತುರುಕಿದ್ದಾಯಿತು. ವೀಸಾ ಕಛೇರಿಯ ಕೌಂಟರಿನಲ್ಲಿ ಹೆಂಡತಿ ಚೀಲ ಬಿಚ್ಚಿ, ಸೀರೆಯ ಮಡಿಕೆಯಿಂದ ಸರ್ಟಿಫಿಕೇಟು ತೆಗೆದಾಗ ನಾಲ್ಕು ಕಾಳು ಅಕ್ಕಿ ಆ ಅಧಿಕಾರಿಯ ಮೇಜಿನ ಮೇಲೆ ಉದುರಿತು. ಆತ ಅಕ್ಕಿಯನ್ನು ನೋಡಿದ, ಅಂಚು ಹಳದಿಯಾಗಿದ್ದ ಸರ್ಟಿಫಿಕೇಟನ್ನು ನೋಡಿದ, ನಮ್ಮನ್ನು ನೋಡಿದ. ಅಕ್ಕಿಯನ್ನು ಒಂದು ಬದಿಗೆ ಸರಿಸಿ ಮುದ್ರೆ ಒತ್ತಿದ.

ಹೈವೇಯಲ್ಲಿ ಮಾವ ಮಹಾ ಉತ್ಸಾಹದಲ್ಲಿದ್ದರು. ಮಿಶಿಗನ್ ಗಡಿ ಇನ್ನೇನು ಬಂತು ಎನ್ನುವಾಗ ಮಗಳು ಬಾತ್‌ರೂಮೆಂದಳು. ಇಂಡಿಯಾನಾದ ಕೊನೆಯ ಎಕ್ಸಿಟ್ಟಿನ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆವು. ವಾಪಸು ಬಂದು ಬೆಲ್ಟು ಹಾಕಿಕೊಂಡರೆ ಮಾವ ಕೀ ತಿರುಗಿಸುತ್ತಿಲ್ಲ!

"ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಈಗ ಹನ್ನೊಂದು ಐದು. ನಡೀತಾ ಇದ್ದ ಪ್ರಯಾಣಕ್ಕೆ ದೋಷ ಇರ್ಲಿಲ್ಲ, ನಾವು ನಿಂತ್ಬಿಟ್ವಿ. ಈಗ ಹೊರಟ್ರೆ ಹೊಸದಾಗಿ ಹೊರಟ ಹಾಗೆ."

ನಾನು ಸೀಟಿಗೆ ಒರಗಿ ಕಣ್ಣು ಮುಚ್ಚಿದೆ. ಈ ಗ್ಯಾಸ್ ಸ್ಟೇಷನ್ನಿನಲ್ಲಿ ಒಂದು ಗಂಟೆ ಕೂರುವುದು ನನ್ನ ಹಣೆಯಲ್ಲಿ ಬರೆದಿತ್ತು. ಆದರೆ ಹೆಂಡತಿ ಎಂಜಿನ್ನುಗಳಿಗೇ ಬುದ್ಧಿ ಹೇಳುವವಳು! ತನ್ನ ಸೆಲ್‌ಫೋನು ತೆಗೆದು ಅವರ ಮುಖದ ಮುಂದೆ ಹಿಡಿದಳು. ಗಡಿ ಅಷ್ಟು ಹತ್ತಿರವಿದ್ದದ್ದರಿಂದ ಫೋನು ಮಿಶಿಗನ್ನಿನ ಟವರು ಹಿಡಿದುಕೊಂಡುಬಿಟ್ಟಿತ್ತು. ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಹನ್ನೆರಡು ಐದು!

ಮಾವ ಕನ್ನಡಕ ಸರಿಮಾಡಿಕೊಂಡು ಫೋನನ್ನು ನೋಡಿದರು. ತಮ್ಮ ಕೈಗಡಿಯಾರ ನೋಡಿದರು. ಮತ್ತೆ ಫೋನನ್ನು ನೋಡಿದರು. ಆಮೇಲೆ ಗಂಭೀರವಾಗಿ, "ಹಾಗಾದ್ರೆ ಹೋದ ರಾಹು," ಎಂದು ಕೀ ತಿರುಗಿಸಿದರು.

ಚೀಲದ ಮುಂದಿನ ಬಿಡಾರ ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ ಎಂಬ ಊರಿನಲ್ಲಿ, ಅತ್ತೆಯ ಹಳೆಯ ಗೆಳತಿಯ ಮನೆಯಲ್ಲಿ. ಧಾರವಾಡದವರು. ಬಾಗಿಲಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದರು. "ಬರ್ರಿ, ಬರ್ರಿ. ಮೊದಲ ಚೀಲ ಒಳಗ ಬರ್ಲಿ, ಆಮ್ಯಾಲೆ ನೀವು ಬರ್ರಿ," ಎಂದರು. ಪ್ರಯಾಣ ನಡೆಯುತ್ತಿರುವಾಗ ಚೀಲ ನಮ್ಮ ಜೊತೆ ಒಂದೇ ಮನೆಯಲ್ಲಿದ್ದರೂ ದೋಷವಿಲ್ಲ ಎಂದು ಮಾವ ದಾರಿಯಲ್ಲೇ ತೀರ್ಪು ಕೊಟ್ಟಿದ್ದರು. ಅವರ ಸಬ್‌ಡಿವಿಷನ್ನಿನಲ್ಲಿ ಮೂರು ಮನೆಗೊಂದರ ಮುಂದೆ ಮಾರಾಟದ ಬೋರ್ಡು ನೆಟ್ಟಿತ್ತು. ಆಂಟಿಯ ಮನೆಯಲ್ಲಿ ಮಾತ್ರ ಜೋಳದ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು.

ಮಾರನೇ ದಿನ ಬೆಳಗ್ಗೆ ಮಾವ ಒಬ್ಬರೇ ಸ್ಕೋಕಿಗೆ ಹಿಂತಿರುಗಿದರು. ವಿಮಾನದ ದಿನ ಮತ್ತೆ ಬರುತ್ತೇನೆ ಎಂದು ಹೇಳಿ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ನಾನು ರೊಟ್ಟಿ ತಿನ್ನುತ್ತಾ, "ನಮ್ಮ ಮಾವನ ಹುಚ್ಚು ಅತ್ತೆ ಹೇಗೆ ತಡ್ಕೋತಿದ್ರೋ ಆಂಟಿ!" ಎಂದೆ.

ಆಂಟಿ ಬಡಿಯುವ ಕೈ ನಿಲ್ಲಿಸಿದರು. "ಅವರ ಹುಚ್ಚ? ಅಯ್ಯ ತಮ್ಮಾ, ಅದು ಆಕೀ ಹುಚ್ಚು! ನಾವು ಸ್ಕೋಕಿದಾಗ ಎದುರು ಮನ್ಯಾಗ ಇದ್ವಿ ಆಗ. ಎಲ್ಲಿಗೆ ಹೊಂಟ್ರೂ ನಿಮ್ಮತ್ತಿ ನಮ್ಮನ್ಯಾಗ ಚೀಲ ತಂದು ಇಡತಿದ್ಲು. ಇವ್ರು ಅಂಗಳದಾಗ ನಿಂತು ನಗತಿದ್ರು. 'ಚೀಲ ಹೊಂಟ್ರ ಮನಷ್ಯಾ ಹೊಂಟಂಗೇನು? ಇದ್ಯಾವ ಫಿಜಿಕ್ಸ್ ಡಾಕ್ಟರಮ್ಮ?' ಅಂತ ಕಾಡತಿದ್ರು. ಪಂಚಾಂಗ ಅಂದ್ರ ಆಗತಿದ್ದಿಲ್ಲ ಅವರಿಗೆ."

"ಮತ್ತೆ ಈಗ?"

"ಆಕಿ ಹೋದಮ್ಯಾಲೆ ಶುರು ಮಾಡ್ಯಾರ. ನಾನೂ ಕೇಳಿದೆ ಒಮ್ಮೆ, ಏನ್ರಿ ಇದು ಅಂತ. 'ಆಕಿ ಮಾಡತಿದ್ದದ್ದು, ನಿಂತ್ ಹೋಗಬಾರದಲ್ರಿ,' ಅಂದ್ರು." ಆಂಟಿ ರೊಟ್ಟಿಯನ್ನು ಹೆಂಚಿಗೆ ಹಾಕಿದರು. "ತಿನ್ನು, ತಣ್ಣಗಾಗತದ."

ಸಹಿಯಾಯಿತು. ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ವಿಮಾನದ ದಿನ, ಎಲ್ಲಾ ಬಿಟ್ಟು ಮತ್ತೆ ಮಂಗಳವಾರವೇ, ಮಾವ ಹೇಳಿದ ಹೊತ್ತಿಗೆ ಬಂದು ನಮ್ಮನ್ನು ಡೆಟ್ರಾಯಿಟ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ಸಾಮಾನೆಲ್ಲ ತಾವೇ ತಳ್ಳುಗಾಡಿಗೆ ಪೇರಿಸಿದರು. ಕೌಂಟರಿನ ಮುಂದೆ ನಮ್ಮ ಪ್ರಸ್ಥಾನದ ಚೀಲವನ್ನೂ ಸೇರಿಸಿ ಎಣಿಸಿದರೂ ಒಂದು ಹೆಚ್ಚು! ಕಂದು ಬಣ್ಣದ, ಹಳೆಯ ರೆಕ್ಸಿನ್ ಚೀಲ. ನಮ್ಮದಲ್ಲ. ಅತ್ತೆ ನೈಟ್ ಡ್ಯೂಟಿಗೆ ಒಯ್ಯುತ್ತಿದ್ದ ಆ ಚೀಲ ಮಾವನ ಮನೆಯ ಕಪಾಟಿನ ಮೇಲಿರುತ್ತಿದ್ದದ್ದನ್ನು ನಾವೆಲ್ಲ ನೋಡಿದ್ದೆವು.

"ಮಾವ, ಇದು ನಿಮ್ಮದು. ತಪ್ಪಿ ನಮ್ಮ ಸಾಮಾನಲ್ಲಿ ಬಂದ್ಬಿಟ್ಟಿದೆ."

"ತಪ್ಪಿ ಬಂದಿಲ್ಲ. ಇಟ್ಟಿದೀನಿ."

ಒಳಗೇನಿದೆ ಎಂದು ಕೌಂಟರಿನವರು ಕೇಳಿದರೆ ಹೇಳಬೇಕಲ್ಲ, ಹೆಂಡತಿ ಜಿಪ್ಪು ಎಳೆದಳು. ಒಂದು ಪಂಚೆ, ಮಡಿಸಲು ಬಾರದವರು ಮಡಿಸಿದ್ದು. ಎರಡು ಬನಿಯನ್ನು, ಮಂಕಿಕ್ಯಾಪು, ಹಳೆಯ ಕನ್ನಡಕ. ಕಾಲುಚೀಲ ಒಂದೇ ಒಂದು. ಒಂದು ಹಿಡಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು. ಮತ್ತೆ ಆ ದಿಕ್ಸೂಚಿ. ಅವರ ಕೈಯಲ್ಲಿದ್ದ ಕೀಗೊಂಚಲು ಬೋಳಾಗಿತ್ತು.

ನನಗೆ ಆಗಲೂ ಹೊಳೆಯಲಿಲ್ಲ. ಹೆಂಡತಿಗೆ ಹೊಳೆದಿತ್ತು. ಅವಳು ಜಿಪ್ಪನ್ನು ಮೆಲ್ಲಗೆ ಮುಚ್ಚಿ, "ನಿಮ್ಮ ಪ್ರಸ್ಥಾನಾನಾ ಮಾವ?" ಎಂದು ಕೇಳಿದಳು.

ಮಾವ ವಿಮಾನಗಳ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. "ಹೂಂ. ಅವಳು ಹೋದ್ಮೇಲೆ ಎಲ್ಲಿಗೂ ಹೊರಡೋಕೇ ಆಗ್ಲಿಲ್ಲಮ್ಮ. ಚೀಲಾನಾದ್ರೂ ಹೊರಡ್ಲಿ ಮೊದ್ಲು. ಮನೆ ಮೂಲೇಲಿ ಎಲ್ಲಾದ್ರೂ ಇಟ್ಟಿರಿ. ಗಡುವಿಗೆ ಒಂದ್ಚೂರು ಮುಂದಕ್ಕೆ ಸರಿಸ್ತಾ ಇರಿ, ಸಾಕು."

"ದಿಕ್ಸೂಚಿ ಇಲ್ದೆ ನೀವು ಸ್ಕೋಕಿಗೆ ಹೇಗೆ ಹೋಗ್ತೀರಿ?" ಎಂದು ನಾನು ಪೆದ್ದನ ಹಾಗೆ ಕೇಳಿದೆ.

"ಆ ದಾರಿ ಗೊತ್ತು ಕಣೋ. ಆ ಕಡೆಗೆ ಬರೋ ದಾರೀನೇ ಗೊತ್ತಿಲ್ದೇ ಇರೋದು."

ಕೌಂಟರಿನ ಹೆಂಗಸು ಒಂದು ಚೀಲ ಹೆಚ್ಚಾಯಿತೆಂದಳು. ಹೆಂಡತಿ ನನ್ನ ಕೈಚೀಲದಲ್ಲಿದ್ದದ್ದನ್ನೆಲ್ಲ ಬಳಿದು ಸೂಟ್‌ಕೇಸಿಗೆ ತುರುಕಿ, ಆ ರೆಕ್ಸಿನ್ ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡಳು. ವಿಮಾನದಲ್ಲೂ ಅದನ್ನು ಮೇಲಿನ ಗೂಡಿಗೆ ಹಾಕಲು ಬಿಡಲಿಲ್ಲ. ಅಟ್ಲಾಂಟಿಕ್ ದಾಟುವವರೆಗೂ ಅದು ಅವಳ ಮಡಿಲಲ್ಲೇ ಇತ್ತು.

ಸ್ಟುಟ್‌ಗಾರ್ಟು ನಮಗೆ ಒಗ್ಗಿದೆ. ಗುಡ್ಡದ ಮೇಲೆ ಮೂರನೇ ಮಹಡಿಯ ಮನೆ. ಹೆಂಡತಿ ಜರ್ಮನ್ ಎಂಜಿನ್ನುಗಳಿಗೆ ಬುದ್ಧಿ ಹೇಳುತ್ತಿದ್ದಾಳೆ. ನಾನು ಮಗಳನ್ನು ಸ್ಕೂಲಿಗೆ ಬಿಟ್ಟು, ಜರ್ಮನ್ ಕ್ಲಾಸಿಗೆ ಹೋಗಿ, ಬರುವಾಗ ಸೊಪ್ಪು ತಂದು ಹುಳಿ ಮಾಡಿಡುತ್ತೇನೆ. ದಾರಿ ಸವೆದಿದೆ, ಸಲೀಸು! ರೆಕ್ಸಿನ್ ಚೀಲದ ಜವಾಬ್ದಾರಿ ಮಗಳದು. ದಿಕ್ಸೂಚಿ ಹಿಡಿದು ಅದನ್ನು ಬಾಗಿಲಿನಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಪೂರ್ವಕ್ಕೆ ಸರಿಸುತ್ತಾ ಬಂದಿದ್ದಾಳೆ. ಭಾನುವಾರ ಮಾವನ ಫೋನು ಬಂದರೆ ನಾವು ಹೇಗಿದ್ದೇವೆ ಎಂದು ಅವರು ಕೇಳುವುದಿಲ್ಲ. "ಎಲ್ಲಿದೆ?" ಎನ್ನುತ್ತಾರೆ. ಇವಳು, "ಇನ್ ದ ಕಿಚನ್, ಅಜ್ಜ. ನೆಕ್ಸ್ಟ್ ಈಸ್ ದ ಬಾಲ್ಕನಿ," ಎಂದು ವರದಿ ಒಪ್ಪಿಸುತ್ತಾಳೆ. ಬಾಲ್ಕನಿಯಾದ ಮೇಲೆ ಪೂರ್ವಕ್ಕೆ ಏನಿದೆ, ಬರೀ ಗಾಳಿ. ಏನು ಮಾಡುವುದೋ ಎಂದು ನಮಗೆಲ್ಲ ಚಿಂತೆಯಾಗಿತ್ತು.

ಮೊನ್ನೆ ಭಾನುವಾರ ಫೋನಿನಲ್ಲಿ ಮಾವ ಬಹಳ ಹೊತ್ತು ಬೇರೇನೇನೋ ಮಾತಾಡಿದರು. ಸ್ಕೋಕಿಯ ಹಿಮ, ಇಸ್ಪೀಟಿಗೆ ಜೊತೆಯಿಲ್ಲದ್ದು. ಹೀಟರು ಎಷ್ಟರಲ್ಲಿದೆ ಎಂದು ನಾನು ಕೇಳಿದ್ದಕ್ಕೆ, ಸ್ವೆಟರು ಇದೆಯಲ್ಲ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಲೋ, ಆ ಚೀಲದಲ್ಲಿ ಕಾಲುಚೀಲ ಒಂದೇ ಇದೆಯಾ?"

"ಹೌದು ಮಾವ, ಒಂದೇ."

"ಇನ್ನೊಂದು ಇಲ್ಲೇ ಉಳ್ಕೊಂಡಿದೆ ಕಣೋ. ಇವತ್ತು ಸಿಕ್ತು. ತಗೊಂಡು ಬರ್ಲಾ?"

ಪಕ್ಕದಲ್ಲಿದ್ದ ಹೆಂಡತಿ ಫೋನು ಕಿತ್ತುಕೊಂಡು, "ಬನ್ನಿ ಮಾವ, ಯಾವ ದಿನ ಆದ್ರೂ ಬನ್ನಿ," ಎಂದು ಕೂಗಿದಳು. "ನೀವು ಹೊರಟು ಆಗ್ಲೇ ಎಷ್ಟೋ ದಿನ ಆಯ್ತು!"